ಒಂದೆಲಗ ಕುಡಿದ ಆರು ಇಲಿಗಳು

1999ರ ಮಾರ್ಚ್‌ನ ಒಂದು ಮಧ್ಯಾಹ್ನ, ತುಮಕೂರಿನ ನಮ್ಮ ಫಾರ್ಮಸಿ ಕಾಲೇಜಿನ ಪ್ರಯೋಗಾಲಯದಲ್ಲಿ, ಒಂದೆಲಗದ ಸೊಪ್ಪಿನ ರಸ ಕುಡಿಸಿದ್ದ ಆರು ಇಲಿಗಳಿಗೆ ಕರೆಂಟ್ ಹಾಯಿಸಿದೆವು. ಆರರಲ್ಲಿ ಒಂದಕ್ಕೂ ಫಿಟ್ಸ್ ಬರಲಿಲ್ಲ.

ನಾನಾಗ ಸ್ನಾತಕೋತ್ತರ ವಿದ್ಯಾರ್ಥಿನಿ. ಮೂರ್ಛೆರೋಗದ ಔಷಧ ನನ್ನ ಪ್ರಬಂಧದ ವಿಷಯ. ಇಲಿಯ ಕಿವಿಗಳಿಗೆ ಕ್ಲಿಪ್ ಹಾಕಿ ಕ್ಷಣಕಾಲ ಕರೆಂಟ್ ಬಿಟ್ಟರೆ ಹಿಂಗಾಲುಗಳು ಕೋಲಿನಂತೆ ಸೆಟೆಯುತ್ತವೆ. ಔಷಧ ಹಿಡಿದರೆ ಸೆಟೆಯುವುದಿಲ್ಲ. ಅಂದು ಬೆಳಿಗ್ಗೆ ಬರೀ ನೀರು ಕುಡಿದ ಇಲಿಗಳು ಸೆಟೆದಿದ್ದವು, ಆಸ್ಪತ್ರೆಯ ಮಾತ್ರೆ ಅರೆದು ಕುಡಿಸಿದ ಇಲಿಗಳು ಸೆಟೆದಿರಲಿಲ್ಲ. ಈಗ ಸೊಪ್ಪೂ ಮಾತ್ರೆಯ ಸಮಕ್ಕೆ ನಿಂತಿತ್ತು.

ಸೊಪ್ಪು ತಂದವರು ಇಲಿಗಳನ್ನು ನೋಡಿಕೊಳ್ಳುವ ಅಟೆಂಡರ್. ಗುಬ್ಬಿಯಲ್ಲಿರುವ ತಮ್ಮ ತೆಂಗಿನ ತೋಟದ ಕಾಲುವೆ ಬದಿಯಲ್ಲಿ ಕಿತ್ತು ಬೆಳಗಿನ ರೈಲಿನಲ್ಲಿ ತಂದಿದ್ದರು. ಅವರ ಹನ್ನೆರಡು ವರ್ಷದ ಮಗಳಿಗೆ ಫಿಟ್ಸ್ ಇತ್ತು; ಅವಳು ನುಂಗುತ್ತಿದ್ದದ್ದೂ ಇದೇ ಮಾತ್ರೆ.

"ನೋಡುದ್ರಾ ಮೇಡಮ್ಮೋರೇ, ನಮ್ ತೋಟದ್ ಸೊಪ್ಪು!" ಎಂದು ಮೇಜು ಕುಟ್ಟಿದರು. "ನಾಳೆಯಿಂದ ಮಗೀಗೆ ಮಾತ್ರೆ ಬಂದ್. ಅದ್ನ ನುಂಗಿ ಕ್ಲಾಸಲ್ಲಿ ತೂಕಡಿಸ್ತಾಳೆ, ಮೇಷ್ಟ್ರು ದಿನಾ ಬೈತಾರೆ."

"ತಾಳಿ ಅಣ್ಣ, ಇನ್ನೊಂದ್ಸಲ ನೋಡ್ಬೇಕು."

"ಇನ್ನೇನೈತೆ ನೋಡಕ್ಕೆ? ಆರಕ್ಕಾರು!"

ಫಲಿತಾಂಶ ಬರೆಯಲು ನೋಟ್‌ಬುಕ್ ತೆರೆದಾಗ, ಅದೇ ಪುಟದ ಮೇಲ್ಗಡೆ, ಮಧ್ಯಾಹ್ನ ಕೆಲಸ ಶುರುಮಾಡುವಾಗ ನಾನೇ ಬರೆದಿದ್ದ ಸಾಲು ಕಂಡಿತು: "ಟ್ಯೂಬ್‌ಲೈಟ್ ಹತ್ತಲಿಲ್ಲ. ಕಿಟಕಿ ತೆರೆದು ಕೆಲಸ." ಬೇಸಿಗೆಯಲ್ಲಿ ಸುತ್ತಲ ಪಂಪ್‌ಸೆಟ್‌ಗಳು ಶುರುವಾದರೆ ನಮ್ಮಲ್ಲಿ ವೋಲ್ಟೇಜ್ ಬೀಳುತ್ತಿತ್ತು. ನಮ್ಮ ಹಳೆಯ ಯಂತ್ರ ಬಂದಷ್ಟನ್ನೇ ಕೊಡುತ್ತಿತ್ತು. ಸೊಪ್ಪು ಕುಡಿದ ಇಲಿಗಳಿಗೆ ಪೂರ್ತಿ ಕರೆಂಟೇ ಹೋಗಿಲ್ಲದಿರಬಹುದು.

ಅದನ್ನು ಅವರಿಗೆ ಹೇಳಿದೆ. ಮಾತ್ರೆ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಮರಳಿ ಜೀವಕ್ಕೇ ಅಪಾಯವಾಗಬಹುದು ಎಂದೂ ಹೇಳಿದೆ. ಅವರು ಮುಖ ಗಂಟಿಕ್ಕಿದರು.

"ಎಲ್ಡ್ ದಿನ ಕಾಯ್ತೀನಿ. ಎಲ್ಡೇ ದಿನ."

ಮರುದಿನ ಪಕ್ಕದ ವಿಭಾಗದ ಫ್ರಿಜ್‌ಗೆ ಹಾಕಿದ್ದ ಸ್ಟೆಬಿಲೈಸರ್ ಕೇಳಿದೆ. "ಫ್ರಿಜ್ ಕೆಟ್ರೆ ನಿಮ್ ಇಲಿ ಬಂದು ರಿಪೇರಿ ಮಾಡ್ತವಾ?" ಎಂದು ಅಲ್ಲಿನವರು ನಕ್ಕು, ಕೊಟ್ಟರು.

ಹೊಸ ಇಲಿಗಳು. ಈ ಸಲ ನೀರು, ಸೊಪ್ಪು, ಮಾತ್ರೆ ಮೂರೂ ಒಂದೇ ಹೊತ್ತಿನಲ್ಲಿ, ಒಂದರ ಹಿಂದೊಂದು. ಕರೆಂಟ್ ಅಳೆಯಲು ಈ ಸಲ ಜೋಡಿಸಿದ್ದ ಮೀಟರಿನ ಮುಳ್ಳು ನೋಡುವ ಕೆಲಸವನ್ನು ಅಟೆಂಡರ್ ತಾವೇ ವಹಿಸಿಕೊಂಡರು.

ಸೊಪ್ಪಿನ ಮೊದಲ ಇಲಿ ಸೆಟೆಯಿತು.

"ಇದು ನಮ್ ಸೊಪ್ಪುಂದಾ?"

"ಹೂಂ."

ಎರಡನೆಯದೂ ಸೆಟೆಯಿತು. ಕೊನೆಗೆ ಸೊಪ್ಪಿನ ಆರರಲ್ಲಿ ಐದು, ನೀರಿನ ಆರೂ ಸೆಟೆದವು. ಮಾತ್ರೆಯ ಇಲಿ ಬಂದಾಗಲೆಲ್ಲ ಅವರು ಮೇಜಿನ ಮೇಲೆ ಇನ್ನಷ್ಟು ಬಾಗುತ್ತಿದ್ದರು. ಒಂದೂ ಸೆಟೆಯಲಿಲ್ಲ.

"ಕರೆಂಟ್ ಪೂರ್ತಿ ಬಿಟ್ರಾ?"

"ಮುಳ್ಳು ನೀವೇ ನೋಡ್ತಿದೀರಲ್ಲ."

ಮುಳ್ಳು ನೋಡಿದರು. ಮಾತ್ರೆಯ ಆರನೆಯ ಇಲಿ ಕ್ಲಿಪ್ ತೆಗೆದ ಕೂಡಲೇ ಬೋನಿನಲ್ಲಿ ಹಾಸಿದ್ದ ಹೊಟ್ಟಿನೊಳಗೆ ಮೂತಿ ತೂರಿಸಿತು.

"ಹಿಡ್ಕಂತು ಕಣ್ರೀ ಮಾತ್ರೆ!" ಎಂದು ಅವರು ಕೂಗಿದ್ದು ಕಾರಿಡಾರಿಗೆ ಕೇಳಿ ಇಬ್ಬರು ಓಡಿಬಂದರು. "ಅಷ್ಟ್ ಕರೆಂಟ್ ಬಿಟ್ರೂವೆ ಹೆಂಗ್ ಓಡಾಡ್ತೈತೆ ನೋಡ್ರಲಾ! ನಾನ್ ಇದ್ನ ಸುಮ್ನೆ ಸುಣ್ಣದುಂಡೆ ಅನ್ಕಂಡಿದ್ದೆ."

ಆಮೇಲೆ ನನ್ನ ಕಡೆ ತಿರುಗಿದರು. "ತೂಕಡಿಕೆಗೇನ್ ಮಾಡ್ಲಿ?"

"ಡಾಕ್ಟ್ರಿಗೆ ಹೇಳಿ ಅಣ್ಣ. ಎಷ್ಟ್ ಕೊಡ್ಬೇಕು ಅಂತ ಅವ್ರು ನೋಡ್ತಾರೆ."

ಮುಂದಿನ ವಾರ ಮಗಳನ್ನು ಕರೆದೊಯ್ದರು. ವೈದ್ಯರು ಮಾತ್ರೆ ಬದಲಿಸಿದರು.

2006ರಲ್ಲಿ ಆಕೆ ಕುಣಿಗಲ್‌ನಲ್ಲಿ ಡಿಗ್ರಿ ಓದುತ್ತಿದ್ದಳು. ಮೂರು ವರ್ಷದಿಂದ ಫಿಟ್ಸ್ ಬಂದಿರಲಿಲ್ಲ. ವೈದ್ಯರು ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸತೊಡಗಿದ್ದರು.