ಎತ್ತಬಾರದ ಚೆಂಡು

ಅವರ ಬಲ ಭುಜ ಎಡ ಭುಜಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಹೊಳೆಗಿಳಿಯಲು ಅಂಗಿ ಬಿಚ್ಚಿದರೆ ಆ ಭುಜದ ಮೇಲೊಂದು ಹಳ್ಳ ಕಾಣುತ್ತಿತ್ತು, ಹೆಬ್ಬೆರಳು ಕೂರುವಷ್ಟು. ನೊಗ ಹೊತ್ತ ಎತ್ತಿನ ಹೆಗಲು ಉಬ್ಬಿಕೊಳ್ಳುತ್ತದೆ. ಇವರದು ಒಳಕ್ಕೆ ಹೋಗಿತ್ತು. ಜೀವಮಾನವೆಲ್ಲ ಬೇರೆಯವರ ಗಾಲ್ಫ್ ಚೀಲ ಹೊತ್ತ ಗುರುತು ಅದು.

ನನಗೆ ಅವರು ಭಾವ, ನನ್ನ ಗಂಡನ ದೊಡ್ಡಪ್ಪನ ಮಗ. ಊರಿಗೆ ಚೆಂಡಿನಯ್ಯ. ಹುಡುಗುತನದಲ್ಲಿ ಮೈಸೂರಿಗೆ ಹೋಗಿ ಗಾಲ್ಫ್ ಆಡುವವರ ಹಿಂದೆ ಚೀಲ ಹೊತ್ತುಕೊಂಡು ನಡೆಯುವ ಕೆಲಸಕ್ಕೆ ಸೇರಿದರು. ಅಲ್ಲಿಗೆ ಬರುತ್ತಿದ್ದ ಡಾಕ್ಟರೊಬ್ಬರು ಸ್ಕಾಟ್ಲೆಂಡಿನ ಕಡಲ ದಂಡೆಯ ಒಂದು ಊರಿಗೆ ಹೋಗಿ ನಿಂತರು. ಅಡುಗೆಗೆ ಅಂತ ಇವರನ್ನೂ ಕರೆದುಕೊಂಡು ಹೋದರು. ಬೆಳಿಗ್ಗೆ ಅಡುಗೆ, ಮಧ್ಯಾಹ್ನ ಚೀಲ. ಮದುವೆ ಆಗಲಿಲ್ಲ. ಡಾಕ್ಟರು ಸತ್ತ ಮೇಲೆ, ಹನ್ನೆರಡು ವರ್ಷದ ಹಿಂದೆ, ಊರಿಗೆ ಬಂದು ನಮ್ಮ ಪಕ್ಕದ ಮನೆಯ ಬೀಗ ತೆಗೆದರು. ತಂದದ್ದು ಒಂದು ಚೀಲ, ಚೆಂಡು ಹೊಡೆಯುವ ಐದು ಕೋಲು, ಒಂದು ಡಬ್ಬ ಬಿಳಿ ಚೆಂಡು.

ನಮ್ಮದು ಟಿ. ನರಸೀಪುರದ ಕಡೆ ಕಾವೇರಿ ದಂಡೆಯ ಊರು. ಮನೆ ಹಿತ್ತಲಿಂದ ಗದ್ದೆ, ಗದ್ದೆ ಮುಗಿದ ಕಡೆ ಒಂದು ತಾಳೆಮರ, ಅದರಾಚೆ ಮರಳುಗುಡ್ಡ, ಗುಡ್ಡದಾಚೆ ಹೊಳೆ. ನನ್ನ ತವರು ಹದಿನಾರು ಅನ್ನುವ ಊರು. ಅಲ್ಲಿ ಮಣ್ಣು ಇದ್ದಲ್ಲೇ ಇರುತ್ತದೆ. ಇಲ್ಲಿ ಮರಳು ನಡೆಯುತ್ತದೆ. ಆಷಾಢದ ಗಾಳಿ ಮುಗಿಯುವಷ್ಟರಲ್ಲಿ ಹೋದ ವರ್ಷದ ದಿಬ್ಬ ಹಳ್ಳವಾಗಿರುತ್ತದೆ, ಹಳ್ಳ ದಿಬ್ಬವಾಗಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನಿನ್ನೆ ನಡೆದ ದಾರಿಯೇ ನನಗೆ ಸಿಗುತ್ತಿರಲಿಲ್ಲ.

ಬಂದ ಮೂರನೇ ದಿನ ಭಾವ ಆ ಮರಳಿನ ಮೇಲೆ ನಿಂತು, ಒಂದು ಚಿಟಿಕೆ ಗರಿಕೆ ಕಿತ್ತು ಗಾಳಿಗೆ ತೂರಿ, ಅದು ಎತ್ತ ಹೋಯಿತು ಅಂತ ನೋಡಿದರು. ನಾನು ಕುರಿ ಬಿಟ್ಟುಕೊಂಡು ಅಲ್ಲೇ ಇದ್ದೆ.

"ಅವ್ವಾ, ಇದು ಅಲ್ಲಿದ್ದಂಗೇ ಅದೆ ಕಣವ್ವ" ಅಂದರು.

"ಎಲ್ಲಿದ್ದಂಗೆ?"

"ಕಡಲತಾವ. ಕಡಲಿಗೂ ಒಲಕ್ಕೂ ಮಧ್ಯ ಉಳಕ್ಕಾಗ್ದ ಮರಳು ನೆಲ ಇರ್ತದಲ್ಲ, ಅಲ್ಲೇ ಅವರು ಆಡೋದು. ಅದ್ಕೆ ಲಿಂಕ್ಸು ಅಂತಾರೆ. ಮಾಡಿದ್ ಮೈದಾನ ಅಲ್ಲ, ಗಾಳಿ ಮಾಡಿದ್ದು. ಉಲ್ಲು ಕತ್ತರ್ಸೋಕೂ ಆವಾಗ ಮಿಷನ್ನಿರ್ನಿಲ್ವಂತೆ, ಕುರಿನೇ ಮೇಯ್ತಿದ್ವಂತೆ."

"ಅಂಗಾದ್ರೆ ನಮ್ ಕುರಿಗೂ ಒಂದೊಂದು ಟೋಪಿ ಒಲಿಸಿ ಬಾವ, ಅವೂ ಕೆಲಸಕ್ಕೆ ಸೇರ್ಕೊಳ್ಲಿ" ಅಂದೆ.

ಅವರು ನಗಲಿಲ್ಲ. ನಗುವ ಅಭ್ಯಾಸವೇ ಇರಲಿಲ್ಲ. ಮಾರನೇ ದಿನದಿಂದ ನನ್ನ ಕುರಿ ಎಲ್ಲಿ ಮೇಯಬೇಕು, ಎಷ್ಟು ದಿನ ಮೇಯಬೇಕು ಅಂತ ಅವರೇ ಹೇಳತೊಡಗಿದರು. ತಿಂಗಳೊಳಗೆ ಗರಿಕೆ ಚಾಪೆ ಹಾಸಿದ ಹಾಗಾಯಿತು. ಅಲ್ಲಲ್ಲಿ ಚೆಂಡು ಬೀಳಿಸಲು ಚೊಂಬು ಇಳಿಯುವಷ್ಟು ಕುಳಿ ತೋಡಿ, ಬಿದಿರು ನೆಟ್ಟು, ಹಳೇ ಪಂಚೆಯ ಚೂರು ಕಟ್ಟಿದರು. ಊರವರು ಕೇಳಬೇಕಾ? ವಾರದೊಳಗೆ ಒಂದು ಕುಳಿಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಬಳೆ, ಅರಿಶಿನ. ಯಾವುದೋ ಮುನಿಯ ಜಾಗ ಗುರುತಾಗಿದೆ ಅಂದುಕೊಂಡರು. ಭಾವ ನಿಂಬೆಹಣ್ಣು ತೆಗೆದು ಪಕ್ಕಕ್ಕಿಟ್ಟು, ಆಡಿ ಮುಗಿಸಿ, ಮತ್ತೆ ಒಳಗಿಡುತ್ತಿದ್ದರು. "ಅವರ ಕುಳಿನೂ ಔದು, ನನ್ ಕುಳಿನೂ ಔದು" ಅನ್ನುತ್ತಿದ್ದರು.

ಕುರಿ ಮೇಯುವಾಗ ಅವರು ಆ ದಂಡೆಯ ಮೈದಾನಗಳ ಕಥೆ ಹೇಳುತ್ತಿದ್ದರು. ಎಷ್ಟೋ ಇದ್ದವಂತೆ. ಆಡಿದರೆ ನಾಲ್ಕರಲ್ಲಿ ಆಡಬೇಕು, ಮಿಕ್ಕವು ಬರೀ ಹುಲ್ಲು ಅನ್ನುವರು. ಒಂದು, ಕಡಲ ಪಕ್ಕದಲ್ಲೇ ಉದ್ದಕ್ಕೆ ಹೋಗಿ ಉದ್ದಕ್ಕೇ ವಾಪಸ್ಸು ಬರುವುದು. ಹೋಗುವಾಗ ಬೆನ್ನು ತಟ್ಟುವ ಗಾಳಿ ಬರುವಾಗ ಎದೆಗೆ ಒದೆಯುತ್ತದೆ. ಇನ್ನೊಂದನ್ನು ಕಡಲು ವರ್ಷ ವರ್ಷ ತಿನ್ನುತ್ತಿತ್ತು. ನೀರು ಇಳಿದಾಗ ಹಳೇ ಕುಳಿಗಳು ಕೆಸರಿನಲ್ಲಿ ಕಣ್ಣು ಬಿಟ್ಟುಕೊಂಡು ಕಾಣುತ್ತಿದ್ದವಂತೆ. ಮೂರನೆಯದು ಹಡಗಿಗೆ ದಾರಿ ತೋರುವ ದೀಪದ ಕಂಬದ ಹತ್ತಿರದ್ದು, ಮಂಜಿನ ಜಾಗ. ಗುಡ್ಡದಾಚೆ ಹೋದವರು ಈಚೆಯವರಿಗೆ ಕಾಣುವುದಿಲ್ಲ. ಅದಕ್ಕೆ ಆಚೆ ಒಂದು ಗಂಟೆ. ಹೋದವರು ದಾಟಿದ ಮೇಲೆ ಗಂಟೆ ಹೊಡೆಯಬೇಕು, ಆಮೇಲೆ ಈಚೆಯವರು ಚೆಂಡು ಹೊಡೆಯಬೇಕು. ಎಷ್ಟೋ ಸಲ ಮಂಜಿನೊಳಗೆ ಗಂಟೆ ಕೇಳುತ್ತಿತ್ತಂತೆ, ಆಚೆ ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲವಂತೆ.

ನಾಲ್ಕನೆಯದರ ನಡುವೆ ಮೊಣಕಾಲೆತ್ತರದ ಗೋಡೆ, ಒಳಗೆ ಕಡಲಲ್ಲಿ ಸತ್ತ ಬೆಸ್ತರ ಸಮಾಧಿ. ಅಲ್ಲಿ ಬಿದ್ದ ಚೆಂಡನ್ನು ಎತ್ತಬಾರದು, ಮುಟ್ಟಲೂಬಾರದು. ಅದು ಸತ್ತವರಿಗೆ ಕೊಟ್ಟ ಹಾಗೆ. ಒಂದು ಸಲ ಯಾರೋ ದೊಡ್ಡ ಮನುಷ್ಯ ಗೋಡೆ ಹತ್ತಿ ತನ್ನ ಚೆಂಡು ತಂದನಂತೆ.

"ನೀವೇನ್ ಮಾಡುದ್ರಿ?"

"ಚೀಲ ಅಲ್ಲೇ ಇಟ್ಟು ಮನೆಗೆ ನಡ್ಕೊಂಡ್ ಬಂದೆ. ಕೂಗುದ್ರು, ತಿರುಗ್ನಿಲ್ಲ."

ಇಂಥವರು ಅವರು. ಆ ಕಥೆಗಳು ಬಿಟ್ಟರೆ ಮಾತು ಕಮ್ಮಿ, ಹಟ ಜಾಸ್ತಿ. ಕಾಫಿಗೆ ಬೆಲ್ಲ ಒಂದು ಹರಳು ಹೆಚ್ಚಾದರೆ ಲೋಟ ಹಿಂದಕ್ಕೆ ತಳ್ಳುತ್ತಿದ್ದರು. ಅಷ್ಟಕ್ಕೇ ನನಗೂ ಅವರಿಗೂ ಎಷ್ಟೋ ದಿನ ಮಾತು ನಿಂತುಹೋಗುತ್ತಿತ್ತು.

ಒಂದು ದಿನ ಅವರು ಗುಡ್ಡದ ಕೆಳಗೆ ಹೊಸ ಕುಳಿ ತೋಡಲು ಗುದ್ದಲಿ ಎತ್ತಿದರು. ನಾನು ಕೂಗಿಕೊಂಡೆ.

"ಅಲ್ಲಿ ಅಗೀಬೇಡಿ ಬಾವ!"

"ಯಾಕವ್ವ?"

"ಅಲ್ಲೇ ಎಲ್ಲೋ ನನ್ ಕೂಸದೆ."

ಅವರು ಗುದ್ದಲಿ ಕೆಳಗಿಟ್ಟರು. "ಎಲ್ಲೋ ಅಂದ್ರೆ?"

"ಎಲ್ಲೋ ಅಂದ್ರೆ ಎಲ್ಲೋ. ಎಂಗಸ್ರ ಕರ್ಕೊಂಡೋಯ್ತಾರಾ ಅದ್ಕೆಲ್ಲ?"

ಹೇಳಬೇಕಾಯಿತು. ನನ್ನ ಮೊದಲನೆಯದು ಹೆಣ್ಣು. ಹನ್ನೊಂದು ದಿನ ಇತ್ತು, ಹೆಸರಿಟ್ಟಿರಲಿಲ್ಲ. ಹಲ್ಲು ಬರದ ಕೂಸನ್ನು ನಮ್ಮಲ್ಲಿ ದೊಡ್ಡವರ ಜೊತೆ ಹೂಳುವುದಿಲ್ಲ, ಮರಳಿಗೆ ಕೊಡುತ್ತಾರೆ. ಗಂಡ ಒಬ್ಬನೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಬಂದ ಮೇಲೆ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ಮೂರು ಹೆತ್ತೆ, ಮೂರೂ ಉಳಿದವು. ಗಂಡ ತೀರಿಹೋದ. ಜಾಗ ತಿಳಿದಿದ್ದವನು ಅವನೊಬ್ಬನೇ. ಐವತ್ತು ವರ್ಷದಿಂದ ಅದೇ ಮರಳಿನ ಮೇಲೆ ಕುರಿ ಅಟ್ಟಿಕೊಂಡು ನಡೆಯುತ್ತೇನೆ. ಹೆತ್ತ ಕೂಸಿನ ತಲೆ ತುಳಿಯುತ್ತಿದ್ದೇನೋ ಏನೋ ಅಂತ ಒಂದೊಂದು ಹೆಜ್ಜೆಗೂ ಅನ್ನಿಸುತ್ತಿತ್ತು. ಅಳು ಏನಿಲ್ಲ. ಅಳು ಯಾವತ್ತೋ ಮುಗಿದಿತ್ತು. ಕಾಲು ಎಲ್ಲಿಡಬೇಕು ಅನ್ನುವುದೊಂದು ಗೊತ್ತಾಗಬೇಕಿತ್ತು.

ಭಾವ ಅಯ್ಯೋ ಪಾಪ ಅನ್ನಲಿಲ್ಲ. "ಬಾಗಿಲಿಂದ ಏನ್ ಕಂಡೆ?" ಅಂದರು.

"ತಾಳೆಮರದ ಇಂದಕ್ಕೋದ್ರು, ಅಲ್ಲೇ ನಿಂತ್ರು. ಮರ ಅಡ್ಡ ಆಯ್ತು. ಕೈ ಮಾತ್ರ ಒಂದ್ ಪಕ್ಕ ಏಳೋದು ಬೀಳೋದು ಕಾಣ್ತಿತ್ತು."

"ಏನ್ ಮಾಡ್ತಿದ್ದ?"

"ನಾಯಿ ಕೆದಕಬಾರ್ದು ಅಂತ ಮ್ಯಾಲೆ ಕಲ್ಲು ಏರ್ತಾರಲ್ಲ. ಕಲ್ಲಿನ್ ಮ್ಯಾಲೆ ಕಲ್ಲು. ಟಕ್ ಅಂತಿತ್ತು."

"ಕೈ ಬಿದ್ದಾಗ್ಲೇ ಟಕ್ ಅಂತಿತ್ತಾ, ಬಿದ್ಮೇಲಾ?"

ಅದನ್ನು ಯಾರಿಗೂ ಹೇಳಿರಲಿಲ್ಲ. ಕೈ ಕೆಳಗಿಳಿದು ಒಂದು ಕ್ಷಣ ಆದ ಮೇಲೆ ಸದ್ದು ಬರುತ್ತಿತ್ತು. ಆವತ್ತು ನಾನು ಅಂದುಕೊಂಡಿದ್ದೆ, ಹೊಡೆಯುತ್ತಿರುವುದು ನನ್ನ ಗಂಡನಲ್ಲ, ಒಳಗಿನಿಂದ ಬೇರೆ ಯಾರೋ ಅಂತ.

"ಬಿದ್ಮೇಲೆ" ಅಂದೆ.

"ಏಟು ಕಣ್ಣಿಗೆ ಮೊದ್ಲು, ಕಿವಿಗೆ ಆಮೇಲೆ. ದೂರ ಆದಷ್ಟೂ ಸದ್ದು ತಡ, ಅದ್ರ ಮೇಲೇ ನಾವು ದೂರದ ಲೆಕ್ಕ ಏಳ್ತಿದ್ದಿದ್ದು ಕಣವ್ವ. ಆ ಸದ್ದು ಗೆಪ್ತಿ ಅದಾ?"

"ಅದೇ ಕಿವೀಲದೆ. ಬ್ಯಾರೆ ಏನದೆ?"

ಮಾರನೇ ದಿನ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ನನ್ನನ್ನು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದರು. ಕೈಗೆ ಮೊರ ಕೊಟ್ಟರು, ಸರಿ ಅನ್ನಿಸಿದಾಗ ಎತ್ತಬೇಕು. ಎರಡು ಕಲ್ಲು ಹಿಡಿದುಕೊಂಡು ಗದ್ದೆ ದಾಟಿ ತಾಳೆಮರದ ಹಿಂದಕ್ಕೆ ಹೋದರು. ಮರ ಅಡ್ಡ ಬಂತು. ಆಮೇಲೆ ಒಂದು ಪಕ್ಕದಿಂದ ಕೈ ಮಾತ್ರ ಎದ್ದಿತು, ಬಿದ್ದಿತು. ಟಕ್. ಬೇಗ ಬಂತು. ಹಿಂದಕ್ಕೆ ಸರಿದರು. ಕೈ ಎದ್ದಿತು, ಬಿದ್ದಿತು. ಟಕ್. ಈಗಲೂ ಬೇಗವೇ, ಆದರೆ ಮೊದಲಿನಷ್ಟಲ್ಲ. ಹಾಗೆ ಎಷ್ಟು ಸಲವೋ. ಆಮೇಲೆ ಒಂದು ಸಲ ಕೈ ಬಿದ್ದಿತು, ಸದ್ದಿಲ್ಲ. ಅದಾದ ಮೇಲೆ, ಟಕ್.

ಅದೇ. ಮೊರ ಎತ್ತಿದೆನೋ ಬಿಟ್ಟೆನೋ ಗೊತ್ತಿಲ್ಲ. ಎತ್ತಿದ್ದೆನಂತೆ. ಮರದ ಪಕ್ಕ ಕಾಣುತ್ತಿದ್ದ ಕೈ ಒಂದು ಗಳಿಗೆ ನನ್ನ ಗಂಡನ ಕೈಯೇ ಆಗಿತ್ತು. ಆಣೆ ಇಟ್ಟು ಹೇಳಿ ಅಂದರೂ ಹೇಳುತ್ತೇನೆ.

ನಾನು ಓಡಿಹೋಗುವಷ್ಟರಲ್ಲಿ ಭಾವ ಬಿದಿರನ್ನು ಮರಳಿಗೆ ಇಳಿಸುತ್ತಿದ್ದರು. ಒಂದು ಮೊಳ ಇಳಿಯಿತು, ಎರಡು ಮೊಳ ಇಳಿಯಿತು. ಎರಡು ಮಾರು ಆ ಕಡೆ, ಈ ಕಡೆ ಇಳಿಸಿ ನೋಡಿದರು. ಬರೀ ಮರಳು. ಐದನೇ ಸಲ ತೋಳುದ್ದ ಇಳಿದು ಒಳಗೆ ಟಕ್ ಅಂದಿತು.

"ಕಲ್ಲು" ಅಂದರು. "ತೆಗ್ದು ನೋಡ್ಬೇಕಾ?"

"ಬ್ಯಾಡಿ."

ಅಲ್ಲೇ ಬಿದಿರು ನೆಟ್ಟು ತಮ್ಮ ಹೆಗಲ ಮೇಲಿದ್ದ ಕೆಂಪು ಟವಲು ಕಟ್ಟಿದರು. ಸುತ್ತ ಕೋಲಿನಿಂದ ಒಂದು ಗೆರೆ ಎಳೆದರು. "ಇದ್ರೊಳಗೆ ಆಡಂಗಿಲ್ಲ, ಕುರಿ ಮೇಯಂಗಿಲ್ಲ. ಚೆಂಡು ಬಿದ್ರೆ ಬಿತ್ತು. ಎತ್ತಬಾರ್ದು" ಅಂದರು. ಗಾಳಿ ಗೆರೆ ಅಳಿಸಿದಾಗಲೆಲ್ಲ ಮತ್ತೆ ಎಳೆಯುತ್ತಿದ್ದರು. ಎಷ್ಟೋ ಚೆಂಡು ಅದರೊಳಗೆ ಬಿದ್ದು ಮರಳಲ್ಲಿ ಮುಳುಗಿದವು. ಒಂದನ್ನೂ ಎತ್ತಲಿಲ್ಲ. ಬೇಕು ಅಂತಲೇ ಹೊಡೆಯುತ್ತಿದ್ದರಾ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ಗುರಿಯಿದ್ದ ಮನುಷ್ಯ, ಅದೊಂದೇ ಕಡೆ ತಪ್ಪುತ್ತಿದ್ದದ್ದು.

ಡಬ್ಬದಲ್ಲಿ ಕೊನೆಗೆ ಒಂದೇ ಚೆಂಡು ಉಳಿಯಿತು. ಬಿಸಿಲಲ್ಲಿ ಕಣ್ಣಿಗೆ ಸಿಗಲಿ ಅಂತ ನನ್ನ ಮೊಮ್ಮಗಳ ಉಗುರುಬಣ್ಣ ತೆಗೆದುಕೊಂಡು ಅದರ ಮೇಲೆ ಕೆಂಪು ಚುಕ್ಕೆ ಇಟ್ಟುಕೊಟ್ಟೆ. ಅದೇ ವಾರ ಅವರು ಹೋದರು.

ಗುಡ್ಡದಾಚೆ ಅವರೂ ಒಂದು ಗಂಟೆ ಕಟ್ಟಿದ್ದರು, ಎತ್ತಿನ ಕೊರಳಿಂದ ಬಿಚ್ಚಿದ್ದು. ಅವರು ಆಚೆ ಆಡಿ ಮುಗಿಸಿ ಹೊಡೆದರೆ ನಾನು ಕುರಿ ದಾಟಿಸಬೇಕು. ಆವತ್ತು ಹತ್ತು ಗಂಟೆಯ ಬಿಸಿಲು, ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲ. ಕಾದೆ. ಗಂಟೆಯ ಸದ್ದು ಕೇಳಿತು, ಎರಡು ಸಲ. ದಾಟಿದೆ. ಭಾವ ಗಂಟೆಯ ಕಂಬದಿಂದ ಇಪ್ಪತ್ತು ಮಾರು ದೂರ, ಚೀಲಕ್ಕೆ ಒರಗಿ ಕೂತಿದ್ದರು. ಮರಳು ಕಾಲು ಇಡಲಾಗದಷ್ಟು ಕಾದಿತ್ತು. ಅವರ ಕೈ ಹೊಳೆಯೊಳಗಿನ ಕಲ್ಲಿನ ಹಾಗೆ ತಣ್ಣಗಿತ್ತು. ಯಾವಾಗಲೋ ಹೋಗಿದ್ದರು. ಗಂಟೆ ಹೊಡೆದವರು ಯಾರು ಅಂತ ನನ್ನ ಕೇಳಬೇಡಿ.

ಊರ ಹಿಂದಿನ ರುದ್ರಭೂಮಿಯಲ್ಲಿ ಹೂತರು. ಅದು ಮರಳಲ್ಲ, ಮಣ್ಣು. ಮನೆಯಿಂದ ಎತ್ತುವ ಮುಂಚೆ ಕೆಂಪು ಚುಕ್ಕೆಯ ಚೆಂಡನ್ನು ನಾನೇ ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ. ನಾಲ್ಕು ಜನ ನೋಡಿದ್ದಾರೆ.

ಆ ವರ್ಷದ ಮುಂಗಾರಿನಲ್ಲಿ ತಾಳೆಮರಕ್ಕೆ ಸಿಡಿಲು ಬಡಿಯಿತು. ಆಷಾಢದ ಗಾಳಿ ಬಿದಿರನ್ನೂ ಟವಲನ್ನೂ ನುಂಗಿತು. ಹಿತ್ತಲ ಬಾಗಿಲಲ್ಲಿ ನಿಂತರೆ ನೇರ ಹಿಡಿಯಲು ಮರವಿಲ್ಲ. ಭಾವ ಮಾಡಿದ ಹಾಗೆ ಕಲ್ಲಿಗೆ ಕಲ್ಲು ಹೊಡೆಯುತ್ತೇನೆ ಅಂದ ಮಗ. ಯಾವ ನೇರಕ್ಕೆ ಹೊಡೆಯುತ್ತಾನೆ? ಮತ್ತೆ ಕಾಲಿಡಲು ಜಾಗ ಗೊತ್ತಿಲ್ಲದವಳಾದೆ. ಕುರಿಗಳನ್ನು ಆ ಕಡೆ ಹೊಡೆಯುವುದನ್ನೇ ಬಿಟ್ಟೆ.

ಶ್ರಾವಣದಲ್ಲಿ ಒಂದು ಕುರಿ ತಪ್ಪಿಸಿಕೊಂಡು ಗುಡ್ಡದ ಕೆಳಕ್ಕೆ ಓಡಿತು. ಹಿಂದೆ ಹೋದೆ. ಅದು ಒಂದು ಕಡೆ ನಿಂತು ಮುಂದಕ್ಕೆ ಹೆಜ್ಜೆ ಇಡಲೊಲ್ಲದು. ಅದರ ಮುಂದೆ, ನುಣ್ಣನೆಯ ಮರಳಿನ ಮೇಲೆ, ಒಂದು ಬಿಳಿ ಚೆಂಡು. ಸುತ್ತ ಹೆಜ್ಜೆಗುರುತಿಲ್ಲ. ಮನೆಯಿಂದ ಬಿದಿರು ತಂದು ಅದರ ಪಕ್ಕ ಇಳಿಸಿದೆ. ತೋಳುದ್ದಕ್ಕಿಂತ ಜಾಸ್ತಿಯೇ ಇಳಿಯಿತು. ಆಮೇಲೆ ಟಕ್ ಅಂದಿತು.

ಅವರು ಅಲ್ಲಿ ಬಿಟ್ಟ ಚೆಂಡು ಎಷ್ಟೋ. ಗಾಳಿ ಕೆದಕಿ ಅದರಲ್ಲೊಂದು ಮೇಲೆ ಬಂದಿರಬಹುದು. ಮೇಲಿನ ಮೈ ಬರೀ ಬಿಳುಪು. ಅಡಿಯ ಮೈಯಲ್ಲಿ ಕೆಂಪು ಚುಕ್ಕೆ ಇದೆಯೋ ಇಲ್ಲವೋ ಕಾಲ ಬೆರಳಿಂದ ಒಂದು ಸಲ ಉರುಳಿಸಿದ್ದರೆ ಗೊತ್ತಾಗುತ್ತಿತ್ತು. ಉರುಳಿಸಲಿಲ್ಲ. ಬಿದಿರನ್ನು ಅಲ್ಲೇ ಬಿಟ್ಟು ಸುತ್ತ ಗೆರೆ ಎಳೆದು, ಕುರಿ ಅಟ್ಟಿಕೊಂಡು ಬಂದೆ. ಅಲ್ಲಿ ಬಿದ್ದ ಚೆಂಡನ್ನು ಮುಟ್ಟಬಾರದು.