ಕಾಜಾ ಅಜ್ಜಿಯ ಎಂಬತ್ತು ಮತ್ತು ಮೊಮ್ಮಗನ ಕೋಟು

ಆ ಬೀದಿಯಲ್ಲಿ ಹನ್ನೊಂದು ದರ್ಜಿ ಅಂಗಡಿಗಳಿದ್ದವು. ಹನ್ನೊಂದಕ್ಕೂ ಬೇರೆ ಬೇರೆ ಬೋರ್ಡು, ಬೇರೆ ಬೇರೆ ಕತ್ತರಿ. ಕಾಜಾ ಮಾತ್ರ ಒಬ್ಬಳದೇ. ಹೊಲಿದು ಮುಗಿಸಿದ ಬಟ್ಟೆಗಳೆಲ್ಲ ಗಂಟು ಕಟ್ಟಿಸಿಕೊಂಡು ಮೂಲೆಯ ಮಹಡಿ ಮನೆಗೆ ಬರುತ್ತಿದ್ದವು. ಅಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತ ಅಜ್ಜಿ ಸೀಮೆಸುಣ್ಣದ ಗುರುತು ಹಾಕಿ, ಬ್ಲೇಡಿನಿಂದ ಸೀಳಿ, ಸೀಳಿನ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತಿ, ಗುಂಡಿಗೊಂದು ಬಾಗಿಲು ಮಾಡಿ ಕಳಿಸುತ್ತಿದ್ದಳು. ಐವತ್ತೇಳು ವರ್ಷದಿಂದ ಇದೇ ಕೆಲಸ. ಬೀದಿಗೆಲ್ಲ ಅವಳು ಕಾಜಾ ಅಜ್ಜಿ.

ಅವಳ ಗಂಡ ಸ್ವತಃ ದರ್ಜಿ. ಬೋರ್ಡಿನ ಮೇಲೆ ‘ಸೂಟ್ ಸ್ಪೆಷಲಿಸ್ಟ್’ ಎಂದು ಬರೆಸಿಕೊಂಡು ಜೀವಮಾನದಲ್ಲಿ ನಾಲ್ಕು ಸೂಟು ಹೊಲಿದವನು, ಅದರಲ್ಲಿ ಒಂದು ತನಗೇ. ಕತ್ತರಿಗಿಂತ ನಾಲಿಗೆ ಚುರುಕು. “ಕಾಜಾ ಏನ್ ಮಹಾ, ತೂತು ತಾನೆ!” ಎಂದು ಬಟ್ಟೆಯನ್ನು ಹೆಂಡತಿಯ ಮಡಿಲಿಗೆ ಎಸೆಯುತ್ತಿದ್ದ. ಅವನು ಹೋದ ಮೇಲೆ ಬೋರ್ಡು ಗುಜರಿಗೆ ಹೋಯಿತು. ತೂತು ಮನೆ ನಡೆಸಿತು.

ನಾಲಿಗೆಯ ಚುರುಕು ಮಾತ್ರ ಒಂದು ತಲೆಮಾರು ದಾಟಿ ಮೊಮ್ಮಗನಿಗೆ ಬಂದಿತ್ತು. ಆತ ನೀರು ಸರಬರಾಜು ಕಚೇರಿಯಲ್ಲಿ ವಿಭಾಗಾಧಿಕಾರಿ, ಸಂಸಾರ ಬೇರೆ, ಮನೆ ಅದೇ ಬೀದಿಯ ಆಚೆ ತುದಿಯಲ್ಲಿ. ಊರಿನ ನಲ್ಲಿಯಲ್ಲಿ ನೀರು ಬಾರದ ದಿನವೂ ಸಾಹೇಬರ ಬಾಯಲ್ಲಿ ಮಾತು ಬರುತ್ತಿತ್ತು. ಅಜ್ಜಿಗೆ ಎಂಬತ್ತು ತುಂಬುವ ದಿನಕ್ಕೆಂದು ಆತ ಏಳು ಪುಟದ ಭಾಷಣ ಬರೆದ. ಭಾಷಣಕ್ಕೆ ತಕ್ಕ ಹೊಸ ಕೋಟೂ ಬೇಕಾಯಿತು. ಬೀದಿಯ ಹಿರಿಯ ಟೈಲರ್ ಮಾಸ್ತರು ಕತ್ತರಿಸಿ ಹೊಲಿದರು, ಅಜ್ಜಿ ಕಾಜಾ ಹಾಕಿ ಗುಂಡಿ ಕೂರಿಸಿದಳು. ಹಿಂದಿನ ಸಂಜೆಯಷ್ಟೇ ಮುಗಿಸಿ, ಕಾಗದದಲ್ಲಿ ಸುತ್ತಿ, “ನಾಳೆ ಹಾಕ್ಕೊಳ್ಳೋವಾಗ್ಲೇ ತೆಗಿ” ಎಂದು ಕೊಟ್ಟಿದ್ದಳು.

ಮರುದಿನ ಜನ ಸೇರುವ ಹೊತ್ತಿಗೆ ಆತ ಒಳಕೋಣೆಯಲ್ಲಿ ಕೋಟು ತೊಟ್ಟ. ಕನ್ನಡಿಯ ಮುಂದೆ ಎದೆಯುಬ್ಬಿಸಿ ಗುಂಡಿ ಹಾಕಲು ಹೋದರೆ ಬೆರಳು ತಡಕಾಡಿದವು. ಗಂಡಸರ ಕೋಟಿಗೆ ಕಾಜಾ ಎಡಗಡೆ, ಗುಂಡಿ ಬಲಗಡೆ. ಹೆಂಗಸರದ್ದಕ್ಕೆ ಇದರ ತದ್ವಿರುದ್ಧ. ಇಲ್ಲಿ ಕಾಜಾ ಬಲಗಡೆ ಕೂತಿತ್ತು!

ಆತ ಹೋಗಿ ಕೋಣೆಯ ಬಾಗಿಲಿಗೆ ಚಿಲಕ ಹಾಕಿದ. ಕೋಟಿನ ಅಂದ ಕೆಟ್ಟಿತೆಂದಲ್ಲ. ಹೋದ ವರ್ಷ ಅಜ್ಜಿಗೆ ದಪ್ಪ ಗಾಜಿನ ಕನ್ನಡಕ ಬಂದಾಗ ಸೊಸೆ, ಅಂದರೆ ಈತನ ಅಮ್ಮ, “ಅತ್ತೆ, ಇನ್ನು ಸಾಕು ಮಾಡಿ” ಎಂದು ಹಟ ಹಿಡಿದಿದ್ದಳು. ಅಜ್ಜಿ ಮಾಸ್ತರ ಎದುರಿಗೇ, “ಒಂದೇ ಒಂದು ಕಾಜಾ ತಪ್ಪಲಿ, ಅವತ್ತೇ ಸೂಜಿ ನಿನ್ನ ಕೈಗೆ ಕೊಟ್ಬಿಡ್ತೀನಿ” ಎಂದುಬಿಟ್ಟಿದ್ದಳು. ಅಂದಿನಿಂದ ಸೊಸೆ ಪ್ರತಿ ಬಟ್ಟೆಯನ್ನೂ ಪರೀಕ್ಷೆಯ ಉತ್ತರ ಪತ್ರಿಕೆಯ ಹಾಗೆ ತಿರುವಿ ನೋಡುತ್ತಿದ್ದಳು. ವರ್ಷವಿಡೀ ಒಂದು ತಪ್ಪೂ ಸಿಕ್ಕಿರಲಿಲ್ಲ. ಕೋಟನ್ನು ಮಾತ್ರ, ಬಾಡಿಗೆ ಕುರ್ಚಿಗಳ ಗಡಿಬಿಡಿಯಲ್ಲಿ, ನೋಡಿರಲಿಲ್ಲ.

ಕೋಟು ಹಾಕದಿದ್ದರೆ ಅಜ್ಜಿ ಯಾಕೆ ಎನ್ನುತ್ತಾಳೆ. ಹಾಕಿದರೆ ಅಮ್ಮ ನೋಡುತ್ತಾಳೆ. ಸಾಹೇಬರು ಕಡತಗಳಿಗೆ ಕಂಡುಕೊಂಡಿದ್ದ ಉಪಾಯವನ್ನೇ ಹೂಡಿದರು: ಮುಚ್ಚಿಡುವುದು. ಏಳೂ ಹಾಳೆಗಳನ್ನು ಎದೆಗೆ ಅವಚಿಕೊಂಡು ನಡುಮನೆಗೆ ಬಂದರು.

“ಮಾನವನು ಎಲೆಗಳನ್ನು ಉಟ್ಟು ಕಾಡಿನಲ್ಲಿ ಅಲೆಯುತ್ತಿದ್ದ ಆ ಕಾಲದಲ್ಲಿ...” ಎಂದು ಭಾಷಣ ಹೊರಟಿತು. ಹಾಳೆ ಎದೆಯಿಂದ ಕೆಳಗಿಳಿಯಲಿಲ್ಲ. ಹೀಗಾಗಿ ಓದಲು ಗದ್ದವನ್ನೇ ಕುತ್ತಿಗೆಗೆ ಒತ್ತಬೇಕಾಯಿತು. ಮೂರನೆಯ ಪುಟದಲ್ಲಿ ಮಾನವ ಚರ್ಮ ಉಟ್ಟ. ನಾಲ್ಕನೆಯ ಪುಟಕ್ಕೂ ಅವನಿಗೆ ಗುಂಡಿ ಸಿಕ್ಕಿರಲಿಲ್ಲ.

“ಮಗಾ,” ಮುಂದಿನ ಸಾಲಿನಿಂದ ಅಜ್ಜಿ ಕೂಗಿದಳು, “ಹಾಳೆ ಕೆಳಗಿಳ್ಸೋ. ನಿನ್ನ ಮುಖ ಮೂವತ್ತೆಂಟು ವರ್ಷದಿಂದ ನೋಡಿ ಸಾಕಾಗಿದೆ. ಕೋಟು ನೋಡ್ಬೇಕು.”

“ಆಮೇಲೆ ನೋಡುವಿಯಂತೆ ಅಜ್ಜಿ.”

“ಆ ಎಲೆ ಉಟ್ಟೋನು ಬಟ್ಟೆ ಹಾಕ್ಕೊಳ್ಳೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ. ಈಗ್ಲೇ ಇಳ್ಸು.”

ಜನ ಗೊಳ್ಳೆಂದರು. ಹಾಳೆ ಇಳಿಯಿತು. ದರ್ಜಿಗಳೇ ತುಂಬಿದ್ದ ಮನೆ. ಯಾರಿಗೂ ಎರಡನೆಯ ಸಲ ನೋಡಬೇಕಾಗಲಿಲ್ಲ. ನಗು ನಡುವೆಯೇ ನಿಂತಿತು.

“ಇದು... ಈಗಿನ ಫ್ಯಾಷನ್ನು,” ಎಂದ ಮೊಮ್ಮಗ. ಹಿಂದಿನ ಸಾಲಿನಲ್ಲಿ ಅವನ ಕಚೇರಿಯ ಗುಮಾಸ್ತರು ಕೂತಿದ್ದರು. “ನಾನೇ ಹೇಳಿ ಹಾಕ್ಸಿದ್ದು.”

“ಯಾವಾಗ ಹೇಳ್ದೆ?”

“ಮೊನ್ನೆ.”

“ಮೊನ್ನೆ ನೀನು ಈ ಕಡೆ ತಲೆ ಹಾಕಿಲ್ಲ.” ಅಜ್ಜಿ ಎದ್ದು ಬಂದು ಕೋಟಿನ ಅಂಚನ್ನು ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಸವರಿದಳು. “ಬಲಗಡೆ,” ಎಂದಳು, ಬೇರೆ ಯಾರದೋ ಕೆಲಸದ ಬಗ್ಗೆ ಹೇಳುವ ಹಾಗೆ.

ಮಾಸ್ತರು ತಡೆಯಲಾರದೆ ಎದ್ದರು. “ತಪ್ಪು ನಂದು ಅಜ್ಜಿ. ಇನ್ನೂರು ನರ್ಸಮ್ಮಂದಿರ ಕೋಟು ಒಂದೇ ಸಲ ನಿಮ್ಮ ತಲೆಗೆ ಕಟ್ಟಿದೆ. ಎಲ್ಲಾ ಬಲಗಡೆ. ಮುಗಿಸಿದ ಮಾರನೇ ದಿನ ಇದು ಬಂತು, ಕೈ ಅದೇ ದಾರಿ ಹಿಡೀತು. ಕಣ್ಣಿನ ತಪ್ಪಲ್ಲ ಇದು.”

“ಕಣ್ಣಿಂದೋ ಕೈಯಿಂದೋ, ಕಾಜಾ ನಂದು. ಮಾತೂ ನಂದು.” ಎದೆಯ ಬಳಿ ಬಟ್ಟೆಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ಎಳೆದು ಸೊಸೆಯ ಅಂಗೈ ಮೇಲಿಟ್ಟಳು. ಒಂದು ವರ್ಷ ಕಾದಿದ್ದ ಸೊಸೆ, ಕೈಗೆ ಬಂದದ್ದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

ಮೊಮ್ಮಗನ ಬಳಿ ಇನ್ನೂ ಮೂರು ಪುಟಗಳಿದ್ದವು. ತ್ಯಾಗ, ಕಾಯಕ, ಆಲದ ಮರ, ಎಲ್ಲವೂ ಅಲ್ಲೇ ಇದ್ದವು. ಆತ ಅವುಗಳತ್ತ ನೋಡಲಿಲ್ಲ. “ಚಿಕ್ಕೋನಿದ್ದಾಗ ಅಪ್ಪ ಅಮ್ಮ ಇಬ್ರೂ ಕೆಲ್ಸಕ್ಕೆ ಹೋಗೋರು,” ಎಂದ. “ನಾನು ಸ್ಕೂಲಿಂದ ಬಂದಾಗೆಲ್ಲ ಆ ಕುರ್ಚೀಲಿ ಅಜ್ಜಿ ಇರೋಳು. ಒಂದಿನಾನೂ ಇಲ್ದೆ ಇದ್ದಿದ್ದಿಲ್ಲ.” ಅಷ್ಟು ಹೇಳಿ ಕೂತುಬಿಟ್ಟ. ಅವನ ಜೀವನದ ಅತಿ ಚಿಕ್ಕ ಭಾಷಣ ಅದು. ಗುಮಾಸ್ತರು ಚಪ್ಪಾಳೆ ತಟ್ಟಬೇಕೆಂಬುದನ್ನೇ ಮರೆತರು.

ಮರುದಿನದಿಂದ ಕಿಟಕಿಯ ಕುರ್ಚಿ ಖಾಲಿ. ಗಂಟುಗಳು ಬಂದು ಹಾಗೇ ಹಿಂದಿರುಗಿದವು. ಅಜ್ಜಿ ಒಳಗೆ ಮಂಚದ ಮೇಲೆ ಕೂತು ಹೊದಿಕೆಯ ಅಂಚನ್ನು ಬೆರಳಿನಿಂದ ಮಡಿಸುವುದು, ಬಿಡಿಸುವುದು ಮಾಡುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು. ಬಡಿಸಿದ್ದನ್ನು ಚೆನ್ನಾಗಿಲ್ಲ ಎಂದು ಹೇಳುವುದನ್ನೂ ಬಿಟ್ಟಿದ್ದಳು. ಸೊಸೆಗೆ ಭಯವಾದದ್ದು ಅದರಿಂದಲೇ.

ಮೊಮ್ಮಗ ಅದೇ ಕೋಟು ತೊಟ್ಟು ಕಚೇರಿಗೆ ಹೋದ. “ಸಾರ್, ಮೇಡಮ್ಮೋರ ಕೋಟು ಹಾಕ್ಕೊಂಡ್ ಬಂದ್ರಾ?” ಎಂದು ಹಿರಿಯ ಗುಮಾಸ್ತ ಕೇಳಿದ. ಬೇರೆ ದಿನವಾಗಿದ್ದರೆ ಅಂಥವನಿಗೆ ಲಿಖಿತ ವಿವರಣೆ ಕೇಳುವ ನೋಟೀಸು ಹೋಗುತ್ತಿತ್ತು. “ನಮ್ಮಜ್ಜಿ ಕಾಜಾ ಹಾಕಿದ್ದು ಕಣಯ್ಯಾ,” ಎಂದಷ್ಟೇ ಹೇಳಿ ಸಾಹೇಬರು ಕಡತ ಬಿಚ್ಚಿದರು. ಎರಡನೆಯ ದಿನವೂ ಅದೇ ಕೋಟು, ಮೂರನೆಯ ದಿನವೂ ಅದೇ. ಹೋಗುವಾಗ ಬರುವಾಗ ಹನ್ನೊಂದು ಅಂಗಡಿಗಳೂ ನೋಡಿದವು. ಹನ್ನೊಂದರ ಮಾತೂ ಮಹಡಿ ಹತ್ತಿತು.

ಮೂರನೆಯ ಸಂಜೆ ಆತ ಅಜ್ಜಿಯನ್ನು ನೋಡಲು ಬಂದ.

“ನಿಂಗೆ ಬೇರೆ ಕೋಟಿಲ್ವೇನೋ?”

“ಇದೆ.”

“ಮತ್ಯಾಕೆ ಇದನ್ನ ಮೆರೆಸ್ಕೊಂಡು ಓಡಾಡ್ತಿದ್ದೀಯ?”

“ನೀನು ಹಾಕಿದ್ದಲ್ವಾ.”

“ತಪ್ಪಾಗಿ ಹಾಕಿದ್ದು!”

“ಇರ್ಲಿ ಬಿಡಜ್ಜಿ. ಗುಂಡಿ ಸಲೀಸಾಗಿ ಹೋಗತ್ತೆ.”

“ಎಷ್ಟು ದಿನ ಹಿಂಗೇ ತಿರುಗ್ತೀಯ?”

“ಹರಿಯೋ ತನಕ.”

ಅಜ್ಜಿಗೆ ಮಾಸ್ತರ ಹೊಲಿಗೆ ಗೊತ್ತಿತ್ತು. ಅದು ಇಪ್ಪತ್ತು ವರ್ಷವಾದರೂ ಹರಿಯುವುದಲ್ಲ. ಇಪ್ಪತ್ತು ವರ್ಷ ತನ್ನ ತಪ್ಪು ಬೀದಿಯಲ್ಲಿ ಹೀಗೆ ಎದೆಯುಬ್ಬಿಸಿಕೊಂಡು ನಡೆಯುವುದನ್ನು ಮನಸ್ಸಿನಲ್ಲೇ ಕಂಡು ಮುಖ ಕಿವುಚಿದಳು.

“ಬಿಚ್ಚು,” ಎಂದಳು. “ಎಡಗಡೆ ಹೊಸ ಕಾಜಾ ಹಾಕಿ, ಹಳೇದನ್ನ ಹೊಲ್ದು ಮುಚ್ಚಿ, ಅದ್ರ ಮೇಲೇ ಗುಂಡಿ ಕೂರಿಸ್ತೀನಿ. ದೇವರಿಗೂ ಗೊತ್ತಾಗಲ್ಲ.” ಒಳಗೆ ತಿರುಗಿ ಕೂಗಿದಳು: “ಏ ಹುಡುಗಿ, ಸೂಜಿ ತಾ.”

ಅರುವತ್ತರ ಹುಡುಗಿ ಬಾಗಿಲಿಗೆ ಬಂದು ನಿಂತಳು. “ಅತ್ತೆ, ಮತ್ತೆ ಮಾತು?”

“ಮಾತು ನಿನ್ನ ಹತ್ರಾನೇ ಇಟ್ಕೋ. ಸೂಜಿ ಕೊಡು.”

ಸೊಸೆ ಸೂಜಿ ತಂದುಕೊಟ್ಟಳು. ಹಿಂದಿರುಗುವಾಗ ಕುರ್ಚಿಯನ್ನು ಕಿಟಕಿಗೆ ಇನ್ನೊಂದು ಗೇಣು ಹತ್ತಿರಕ್ಕೆ ಎಳೆದಳು. “ಬೆಳಕು ಹೋದ್ಮೇಲೆ ಒಂದು ಹೊಲಿಗೆ ಹಾಕಿದ್ರೂ ನಾನು ಸುಮ್ನಿರಲ್ಲ,” ಎಂದಳು.

“ನೋಡಿದ್ಯಾ ಅಜ್ಜಿ,” ಸಾಹೇಬರು ಗಂಟಲು ಸರಿಪಡಿಸಿಕೊಂಡರು, “ಇದನ್ನೆಲ್ಲ ನಾನು ಮೊದಲೇ ಯೋಚನೆ ಮಾಡಿ—”

“ಬಾಯ್ಮುಚ್ಕೊಂಡು ಕೂತ್ಕೋ.”

ಆತ ಕುರ್ಚಿಯ ಬುಡದಲ್ಲಿ ನೆಲದ ಮೇಲೆ ಕೂತ. ಅಜ್ಜಿ ಬ್ಲೇಡು ಎತ್ತಿಕೊಂಡು, ಕೋಟನ್ನು ಮಡಿಲ ಮೇಲೆ ಹರಡಿ, ಹೆಬ್ಬೆರಳಿನಿಂದ ಅಂಚು ಸವರಿದಳು. ಐವತ್ತೇಳು ವರ್ಷಗಳಲ್ಲಿ ಯಾರನ್ನೂ ಕೇಳದಿದ್ದ ಮಾತೊಂದನ್ನು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, ಅವನ ಕಡೆ ಬಗ್ಗಿ ಕೇಳಿದಳು.

“ಇದು ಎಡಗಡೆ ತಾನೆ ಮಗಾ?”

ಆತ ಅಂಚನ್ನು ಮುಟ್ಟಿ ನೋಡಿದ. “ಹೌದಜ್ಜಿ, ಎಡ.”

ಅಜ್ಜಿ ಬಟ್ಟೆ ಸೀಳಿದಳು.