ಹೊಲಿಗೆಗೆ ಬೈಗುಳ ತಂದ ಅಕ್ಕ

ಪ್ರಾರ್ಥನಾ ಮಂದಿರಗಳ ಆಶ್ರಯದಲ್ಲಿ ಬಡ ಹೆಣ್ಣುಮಕ್ಕಳಿಗೆ ಕಸುಬು ಕಲಿಸಿದವರು ಹಲವರಿದ್ದಾರೆ. ಕಲಿಸಿದ ಕಸುಬು ಮಂದಿರದ ಅಂಗಳದಾಚೆಗೂ ಅನ್ನ ಕೊಟ್ಟೀತೇ ಎಂದು ಸೇವೆಯ ಕೊನೆಯ ದಿನದವರೆಗೂ ಚಡಪಡಿಸಿದವರು ವಿರಳ. ಅಂಥವರಲ್ಲಿ ಅಗ್ರಗಣ್ಯರು, ಇದೀಗ ಹೊಲಿಗೆ ವಿಭಾಗದ ಹೊಣೆಯಿಂದ ನಿವೃತ್ತರಾದ ನಮ್ಮ ಅಕ್ಕನವರು. ಹುಡುಗಿಯರು ಬೆನ್ನ ಹಿಂದೆ ಅವರಿಗಿಟ್ಟ ಹೆಸರು ‘ಸುಂಟರಗಾಳಿ’. ಅದು ಅವರ ಕಿವಿಗೂ ಬಿದ್ದಿತ್ತು. ನಿಂತು ಕೋಪಿಸಿಕೊಳ್ಳಲು ಪುರುಸೊತ್ತಿರಲಿಲ್ಲ, ಅಷ್ಟೆ.

ದರ್ಜಿಯ ಮಗಳಾದ ಅವರು ಸೇವೆಗೆ ಸೇರಿದಾಗ ಮಂದಿರದ ಹಿಂದಿನ ಕೋಣೆಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದರು. ಅವನ್ನು ತಾವೇ ಹೊರಗೆಳೆದು, ಹಳೆಯ ಹೊಲಿಗೆ ಯಂತ್ರಗಳಿಗೆ ಎಣ್ಣೆ ಬಿಟ್ಟು, ಬಟ್ಟೆಯ ಕೈಚೀಲಗಳ ಕೆಲಸ ಆರಂಭಿಸಿದರು. ಎಡಗೈ ಬಳಸುವ ಹುಡುಗಿಯೊಬ್ಬಳಿಗೆ ಕತ್ತರಿ ಒಗ್ಗದೆ ಅವಳು ಅಳುತ್ತಿದ್ದಾಗ, ಅಕ್ಕನವರು ತಾವೇ ಎಡಗೈಯಲ್ಲಿ ಕತ್ತರಿಸುವುದನ್ನು ಕಲಿತು, ಬೆರಳು ಕುಯ್ದುಕೊಂಡು, ಬಳಿಕ ಅವಳಿಗೆ ಕಲಿಸಿದರು.

ಒಮ್ಮೆ ಮಂದಿರದ ಮಾರಾಟದ ದಿನ ಸಮಿತಿಯವರು ಪ್ರತಿ ಚೀಲಕ್ಕೂ ಹುಡುಗಿಯರ ಚಿತ್ರ, ಅವರ ಮನೆಯ ಕಷ್ಟದ ಕಥೆಯಿದ್ದ ಚೀಟಿ ಕಟ್ಟಿದರು. ಚೀಲಗಳು ಬಿಸಿದೋಸೆಯಂತೆ ಖರ್ಚಾದವು. ಕೊಳ್ಳಲು ಬಂದ ಮಹಿಳೆಯೊಬ್ಬರು ಚೀಲವನ್ನು ತೆರೆದೂ ನೋಡದೆ ಎಡಗೈ ಹುಡುಗಿಯ ಕೆನ್ನೆ ಸವರಿ “ಪಾಪ” ಎಂದರು. ಆ ಚೀಲದ ಜಿಪ್ಪು ಸೊಟ್ಟಗಿತ್ತು. ಅಕ್ಕನವರ ಕಣ್ಣು ಅದರ ಮೇಲೇ ಬಿತ್ತು. ಉಳಿದ ಚೀಟಿಗಳನ್ನೆಲ್ಲ ಅಲ್ಲೇ ಕಿತ್ತರು.

“ಕರುಣೆಯೂ ದೇವರು ಕೊಟ್ಟಿದ್ದೇ ಅಲ್ವೇನಮ್ಮಾ?” ಎಂದರು ಮಂದಿರದ ಗುರುಗಳು.

“ಹೌದು ಗುರುಗಳೇ. ಆದ್ರೆ ಕರುಣೆಗೆ ಜಿಪ್ಪು ಕಾಣಲ್ಲ.”

ಹುಡುಗಿ ಮಾತ್ರ ಸಿಡಿದಳು: “ಪಾಪ ಅಂದ್ರೆ ನನ್ನ ಗಂಟೇನು ಹೋಗುತ್ತೆ ಅಕ್ಕ? ಮನೇಲಿ ಒಲೆ ಉರೀಬೇಕಲ್ಲ!”

ಚೀಟಿಯಿಲ್ಲದ ಚೀಲಗಳು ಕೋಣೆಯಲ್ಲೇ ಧೂಳು ತಿಂದವು. ಒಬ್ಬೊಬ್ಬರಾಗಿ ಮೂವರು ಹುಡುಗಿಯರು ಬಿಟ್ಟುಹೋದರು. ಅವರಲ್ಲೊಬ್ಬಳಾದ ಎಡಗೈ ಹುಡುಗಿ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ತಮ್ಮ ಹಟಕ್ಕೆ ಮಕ್ಕಳ ಹೊಟ್ಟೆಯ ಮೇಲೆ ಹೊಡೆದೆನೇ ಎಂಬ ಸಂಕಟದಲ್ಲಿ, ಪ್ರಾರ್ಥನೆಗೆ ಕೂತರೂ ಅಕ್ಕನವರಿಗೆ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಆ ಹುಡುಗಿಯೇ ಹೊಲಿದ ಚೀಲವೊಂದನ್ನು ಹಿಡಿದು ಪೇಟೆಯ ಚೀಲದಂಗಡಿಗೆ ನಡೆದರು. ಮಂದಿರದ ಹೆಸರೆತ್ತಲಿಲ್ಲ. ಅಂಗಡಿಯವರು ಹಿಡಿಕೆಯನ್ನು ಒಮ್ಮೆ ಜಗ್ಗಿದರು. ಅದು ಕೈಗೇ ಬಂತು.

“ಇದೇನು ಹೊಲಿಗೇನಾ, ತಮಾಷೇನಾ? ತಗೊಂಡು ಹೋಗಮ್ಮಾ.”

ಅಕ್ಕನವರು ನೇರವಾಗಿ ಹೋಟೆಲಿನ ಹಿತ್ತಲಿಗೆ ಹೋದರು. “ನಿನ್ನ ಹೊಲಿಗೆಗೆ ಬೈದ್ರು ಕಣೇ,” ಎಂದರು, ಕಿತ್ತ ಹಿಡಿಕೆ ತೋರಿಸಿ.

“ಯಾರು? ಅವ್ರಿಗೇನು ಗೊತ್ತು? ಅವತ್ತು ದಾರ ಸರಿ ಇರ್ಲಿಲ್ಲ!” ಹುಡುಗಿಯ ಮುಖ ಕೆಂಪೇರಿತು. ಈವರೆಗೆ ಅವಳಿಗಾಗಿ ಮರುಗಿದವರಿದ್ದರು, ಅವಳನ್ನು ಗದರಿದವರಿದ್ದರು. ಅವಳ ಕೆಲಸವನ್ನು ಕೆಲಸವೆಂದು ನೋಡಿ ಬೈದವರಿರಲಿಲ್ಲ. ಮರುದಿನವೇ ಬಂದು ಯಂತ್ರದ ಮುಂದೆ ಕೂತಳು. ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಅಂಗಡಿಯವರು ಇನ್ನೆರಡು ಸಲ ತಿರಸ್ಕರಿಸಿ, ಆಮೇಲೆ ಒಂದು ಮಾತೂ ಆಡದೆ ಅವಳ ಚೀಲವನ್ನು ಬೇರೆ ಚೀಲಗಳ ನಡುವೆ ತೂಗುಹಾಕಿದರು. ಇಂದು ಆ ಕೋಣೆಯ ಹೊಣೆ ಹೊರುತ್ತಿರುವವಳು ಅವಳೇ.

ಬೀಳ್ಕೊಡುಗೆಯ ದಿನ ಎಲ್ಲರೂ ಹೊಗಳುತ್ತಿದ್ದರೆ ಅಕ್ಕನವರು ಸೆರಗಿನ ಅಂಚು ತಿರುವುತ್ತ ಕೂತಿದ್ದರು. ಮಾತಿಗೆ ಎದ್ದು ನಿಂತಾಗ ಹೇಳಿದ್ದಿಷ್ಟೇ: “ಅವತ್ತು ಬಿಟ್ಟುಹೋದೋರಲ್ಲಿ ಇನ್ನಿಬ್ಬರು ವಾಪಸ್ ಬರ್ಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ, ಅವರನ್ನ ಕೇಳ್ಬೇಕು. ಈಗ ಪುರುಸೊತ್ತಿದೆ, ಹುಡುಕ್ತೀನಿ.”

ಅವರಿಗೆ ದೀರ್ಘಾಯುಷ್ಯವಿರಲಿ, ಕಾಲುಗಳಲ್ಲಿ ಕಸುವಿರಲಿ. ಅವರು ತಟ್ಟುವ ಆ ಎರಡು ಬಾಗಿಲುಗಳು ತೆರೆಯಲಿ. ಒಳಗಿನಿಂದ ಬರುವುದು ಬೈಗುಳವಾದರೂ ಸರಿ, ಅದನ್ನು ಕೇಳಿಸಿಕೊಳ್ಳುವ ಹೊತ್ತಿಗಾದರೂ ನಮ್ಮ ಅಕ್ಕ ಒಂದು ಗಳಿಗೆ ಕೂರುವಂತಾಗಲಿ.